ಮಲೆನಾಡಿನಲ್ಲಿ ತುರ್ತು ಸೇವೆಗಳ ನಿಸ್ತಂತು ಸಂಪರ್ಕ: ಇಂದಿನ ವ್ಯವಸ್ಥೆ ಮತ್ತು ಮುಂದಿನ ತಂತ್ರಜ್ಞಾನ

(ಸಾರ್ವಜನಿಕರ ಮಾಹಿತಿಗಾಗಿ)

ಅಪಾಯದ ಸಂದರ್ಭದಲ್ಲಿ ನಾಗರಿಕರೊಬ್ಬರು 112 ಸಂಖ್ಯೆಗೆ ಕರೆ ಮಾಡಿದಾಗ ಎರಡು ಪ್ರತ್ಯೇಕ ಸಂಪರ್ಕಗಳು ಕಾರ್ಯನಿರ್ವಹಿಸಬೇಕಾಗುತ್ತದೆ. ಮೊದಲನೆಯದು, ಕರೆ ಮಾಡಿದವರ ದೂರವಾಣಿಯಿಂದ ನಿಯಂತ್ರಣ ಕೊಠಡಿಯವರೆಗಿನ ಸಂಪರ್ಕ. ಎರಡನೆಯದು, ನಿಯಂತ್ರಣ ಕೊಠಡಿಯಿಂದ ಸ್ಥಳಕ್ಕೆ ಧಾವಿಸುವ ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಯವರೆಗಿನ ಹಾಗೂ ಆ ಸಿಬ್ಬಂದಿಯ ನಡುವಿನ ಸಂಪರ್ಕ. ನಗರಗಳಲ್ಲಿ ಈ ಎರಡರ ವ್ಯತ್ಯಾಸವು ಸಾರ್ವಜನಿಕರ ಗಮನಕ್ಕೆ ಬರುವುದಿಲ್ಲ. ಮಲೆನಾಡಿನಲ್ಲಿ ಮಾತ್ರ ಎರಡೂ ಒಂದೇ ರಾತ್ರಿ, ಒಂದೇ ಕಾರಣಕ್ಕೆ ಕಡಿದುಹೋಗುವ ಸಂಭವವಿರುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಭೂಸ್ವರೂಪವನ್ನು ಮುಂದಿಟ್ಟುಕೊಂಡು ತುರ್ತು ನಿಸ್ತಂತು ಸಂಪರ್ಕದ ಇಂದಿನ ವ್ಯವಸ್ಥೆ, ಅದರ ಮಿತಿಗಳು, ಮುಂದೆ ಬರಲಿರುವ ತಂತ್ರಜ್ಞಾನ ಹಾಗೂ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಹೊಸ ತಂತ್ರಜ್ಞಾನ ಬಂದೊಡನೆ ಹಳೆಯ ವಾಕಿಟಾಕಿ ವ್ಯವಸ್ಥೆ ಅನಗತ್ಯವಾಗುವುದೆಂಬ ಭಾವನೆ ಸಾಮಾನ್ಯವಾಗಿದೆ. ಗುಡ್ಡಗಾಡು ಪ್ರದೇಶಗಳ ಮಟ್ಟಿಗೆ ಈ ಭಾವನೆ ಸರಿಯಲ್ಲ.

ಗುಡ್ಡ, ಕಣಿವೆ ಮತ್ತು ರೇಡಿಯೋ ತರಂಗ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಷ್ಟ್ರಕವಿ ಕುವೆಂಪು ಅವರ ಮನೆ ಹಾಗೂ ಕವಿಶೈಲದ ಕಾರಣದಿಂದ ವರ್ಷವಿಡೀ ಪ್ರವಾಸಿಗರು ಭೇಟಿ ನೀಡುವ ಈ ಗ್ರಾಮವು ಸುತ್ತಲೂ ಗುಡ್ಡ ಮತ್ತು ಕಾಡಿನಿಂದ ಆವೃತವಾಗಿದೆ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆಯ ಪ್ರಮಾಣ 7,000 ಮಿ.ಮೀ.ಗಿಂತ ಹೆಚ್ಚು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಒತ್ತಾಗಿ ಇರುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಅಡಿಕೆ ತೋಟ, ಗದ್ದೆ, ಹಳ್ಳ, ಕೆಲವೆಡೆ ಕಾಡನ್ನೇ ದಾಟಬೇಕಾಗುತ್ತದೆ.

ಪೊಲೀಸ್ ಹಾಗೂ ಇತರ ತುರ್ತು ಸೇವೆಗಳು ಬಳಸುವ ಅತ್ಯುಚ್ಚ ಆವರ್ತನದ ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತವೆ. ಭೂಮಿಯ ಗೋಳಾಕಾರದಿಂದಾಗಿ ಸಮತಟ್ಟು ನೆಲದಲ್ಲಿಯೂ ಅವುಗಳಿಗೆ ಒಂದು ದಿಗಂತವಿದೆ. ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದಿಗಂತದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ನೆಲದ ಮೇಲೆ ನಿಂತವರ ಕೈಯಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಸೆಟ್ಟಿಗೆ ಇದು ಸುಮಾರು 5 ಕಿ.ಮೀ., 30 ಮೀಟರ್ ಎತ್ತರದ ಗೋಪುರಕ್ಕೆ ಸುಮಾರು 22 ಕಿ.ಮೀ. ಆಗುತ್ತದೆ. ಇದು ಅಡೆತಡೆಯಿಲ್ಲದ ಬಯಲಿನ ಲೆಕ್ಕ. ನಡುವೆ ಗುಡ್ಡವಿದ್ದರೆ ಗುಡ್ಡದ ಆಚೆ ನೆರಳು ಬೀಳುವಂತೆಯೇ ತರಂಗಕ್ಕೂ ನೆರಳು ಬೀಳುತ್ತದೆ. ಆ ನೆರಳಿನಲ್ಲಿರುವ ಮನೆಗೆ ಗೋಪುರವು 3 ಕಿ.ಮೀ. ದೂರದಲ್ಲಿದ್ದರೂ ಪ್ರಯೋಜನವಿಲ್ಲ.

ಎಲ್ಲ ತರಂಗಗಳಿಗೂ ನೆರಳು ಒಂದೇ ರೀತಿ ಬೀಳುವುದಿಲ್ಲ. ತರಂಗದ ಉದ್ದ ಹೆಚ್ಚಿದಷ್ಟೂ ಅದು ಗುಡ್ಡದ ಅಂಚನ್ನು ಬಳಸಿ ಆಚೆಗೆ ಬಾಗುವ ಗುಣ ಹೆಚ್ಚುತ್ತದೆ, ಎಲೆ ಮತ್ತು ಕೊಂಬೆಗಳಲ್ಲಿ ಹೀರಲ್ಪಡುವ ಪ್ರಮಾಣ ಕಡಿಮೆಯಾಗುತ್ತದೆ. 150 ಮೆಗಾಹರ್ಟ್ಸ್ ಆಸುಪಾಸಿನ ನಿಸ್ತಂತು ಸೆಟ್ಟುಗಳ ತರಂಗದ ಉದ್ದ ಸುಮಾರು 2 ಮೀಟರ್. ಮೊಬೈಲ್ ಸೇವೆಯ 800 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 37 ಸೆಂ.ಮೀ. 5ಜಿ ಸೇವೆಯ ಪ್ರಮುಖ ಆವರ್ತನವಾದ 3.5 ಗಿಗಾಹರ್ಟ್ಸ್ ತರಂಗದ ಉದ್ದ 9 ಸೆಂ.ಮೀ.ಗೂ ಕಡಿಮೆ. ಮಳೆಗಾಲದಲ್ಲಿ ನೆನೆದ ಕಾಡು ಕಿರು ತರಂಗಗಳ ಪಾಲಿಗೆ ಬಹುತೇಕ ಗೋಡೆಯಂತೆಯೇ ಆಗುತ್ತದೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರವು ಕಣಿವೆಯ ಮನೆಗಳಲ್ಲಿಯೂ ಕೇಳಿಬರುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ಆ ತರಂಗದ ಉದ್ದ ನೂರಾರು ಮೀಟರುಗಳಾಗಿದ್ದು, ಅದು ನೆಲವನ್ನು ಅನುಸರಿಸಿ ಸಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಪರಿಸ್ಥಿತಿ ಸ್ವಲ್ಪ ಭಿನ್ನ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ ಭಾಗದ ಗ್ರಾಮಗಳನ್ನು ದಶಕಗಳ ಕಾಲ ಲಾಂಚ್ ಸೇವೆಗೆ ಅವಲಂಬಿತವಾಗಿರಿಸಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾದ ನಂತರ ರಸ್ತೆ ಸಂಪರ್ಕ ದೊರೆತಿದೆ. ಗಮನಿಸತಕ್ಕ ಸಂಗತಿಯೆಂದರೆ, ವಾಹನಕ್ಕೆ ಅಡ್ಡಿಯಾಗಿದ್ದ ನೀರು ತರಂಗಕ್ಕೆ ಅಡ್ಡಿಯಲ್ಲ. ತೆರೆದ ನೀರಿನ ಮೇಲೆ ಅದು ಸಲೀಸಾಗಿ ಸಾಗುತ್ತದೆ. ತರಂಗಕ್ಕೆ ಅಡ್ಡಿಯಾಗುವುದು ನೀರಿನ ಆಚೆ ಏಳುವ ಗುಡ್ಡಸಾಲು. ಆದ್ದರಿಂದ ರಸ್ತೆಯ ನಕ್ಷೆಯನ್ನು ನೋಡಿ ನಿಸ್ತಂತು ಸಂಪರ್ಕದ ಯೋಜನೆಯನ್ನು ರೂಪಿಸಲಾಗದು. ಅದಕ್ಕೆ ಎತ್ತರದ ನಕ್ಷೆಯೇ ಬೇಕು.

ಪ್ರಸ್ತುತ ವ್ಯವಸ್ಥೆ

ತುರ್ತು ಸೇವೆಗಳ ನಿಸ್ತಂತು ವ್ಯವಸ್ಥೆಯಲ್ಲಿ ಠಾಣೆಯಲ್ಲಿರುವ ಸ್ಥಿರ ಸೆಟ್ಟು, ವಾಹನದಲ್ಲಿರುವ ಸೆಟ್ಟು ಮತ್ತು ಸಿಬ್ಬಂದಿಯ ಕೈಯಲ್ಲಿರುವ ಸೆಟ್ಟು ಎಂದು ಮೂರು ಬಗೆಗಳಿವೆ. ಗುಡ್ಡಗಾಡಿನಲ್ಲಿ ಇವುಗಳನ್ನು ಜೋಡಿಸುವ ನಾಲ್ಕನೆಯ ಉಪಕರಣ ರಿಪೀಟರ್. ಎತ್ತರದ ಸ್ಥಳದಲ್ಲಿರುವ ರಿಪೀಟರ್ ಒಂದು ಆವರ್ತನದಲ್ಲಿ ದುರ್ಬಲ ಸಂಕೇತವನ್ನು ಸ್ವೀಕರಿಸಿ, ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಹೆಚ್ಚಿನ ಶಕ್ತಿಯೊಡನೆ ಮರುಪ್ರಸಾರ ಮಾಡುತ್ತದೆ. ಪರಸ್ಪರ ಕಾಣದ ಎರಡು ಕಣಿವೆಗಳು ಒಂದೇ ಶಿಖರವನ್ನು ಕಾಣುತ್ತಿದ್ದರೆ, ಆ ಶಿಖರದ ಮೂಲಕ ಅವು ಮಾತನಾಡಬಲ್ಲವು.

ಶಿಖರದ ಆಯ್ಕೆಯಲ್ಲಿ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ ಸುತ್ತಲಿನ ನೆಲದಿಂದ ಅಳೆದ ಎತ್ತರ ಮುಖ್ಯ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯ ಎತ್ತರ 826 ಮೀಟರ್ ಆಗಿದ್ದರೂ ಸುತ್ತಲಿನ ನೆಲವೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ಲೆಕ್ಕಕ್ಕೆ ಸಿಗುವುದು ಉಳಿದ ಇನ್ನೂರು ಚಿಲ್ಲರೆ ಮೀಟರ್ ಮಾತ್ರ. ಹೊಸನಗರ ತಾಲ್ಲೂಕಿನ 1,343 ಮೀಟರ್ ಎತ್ತರದ ಕೊಡಚಾದ್ರಿಯಂತಹ ಶಿಖರದಿಂದ ಬಹುದೂರ ಕಾಣುತ್ತದೆ, ಆದರೆ ಅದರ ಬುಡದಲ್ಲಿರುವ ಇಕ್ಕಟ್ಟಾದ ಕಣಿವೆಗಳು ಕಾಣುವುದಿಲ್ಲ. ಹೀಗಾಗಿ ಒಂದು ಎತ್ತರದ ಕೇಂದ್ರಕ್ಕಿಂತ, ಒಂದರ ನೆರಳನ್ನು ಇನ್ನೊಂದು ತುಂಬುವ ಹಲವು ಸಣ್ಣ ಕೇಂದ್ರಗಳು ಮಲೆನಾಡಿಗೆ ಸೂಕ್ತ. ಇಂತಹ ಸ್ಥಳಗಳು ಬಹುತೇಕ ಅರಣ್ಯ ಅಥವಾ ಅಭಯಾರಣ್ಯದ ವ್ಯಾಪ್ತಿಯಲ್ಲಿರುವುದರಿಂದ, ಸಣ್ಣ ಗೋಪುರವೊಂದಕ್ಕೂ ಅರಣ್ಯ ಕಾನೂನಿನನ್ವಯ ಅನುಮತಿ ಅಗತ್ಯವಾಗುತ್ತದೆ. ಹೊಸ ಕೇಂದ್ರಗಳ ಸ್ಥಾಪನೆಯಲ್ಲಿ ತಂತ್ರಜ್ಞಾನಕ್ಕಿಂತ ಈ ಹಂತವೇ ಹೆಚ್ಚು ಕಾಲ ತೆಗೆದುಕೊಳ್ಳಬಹುದು.

ಈ ನಿಸ್ತಂತು ವ್ಯವಸ್ಥೆಯ ಜೊತೆಗೆ ಈಗ ಮೊಬೈಲ್ ಜಾಲವೂ ಸೇರಿಕೊಂಡಿದೆ. ರಾಜ್ಯದಲ್ಲಿ 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾಯಿತು. ತರುವಾಯ ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವನ್ನು ಒಂದೇ ಸಂಖ್ಯೆಯಡಿ ತರುವ 112 ವ್ಯವಸ್ಥೆ ಜಾರಿಗೆ ಬಂದಿತು. ಸ್ಪಂದನಾ ವಾಹನದಲ್ಲಿರುವ ಪರದೆಗೆ ಘಟನೆಯ ವಿವರವು ಮೊಬೈಲ್ ದತ್ತಾಂಶದ ಮೂಲಕವೇ ತಲಪುತ್ತದೆ. ಅಂದರೆ ಮೊಬೈಲ್ ಗೋಪುರ ಸ್ಥಗಿತಗೊಂಡಾಗ ನಾಗರಿಕರ ಕರೆ ಮಾತ್ರವಲ್ಲ, ಹೊರಟ ವಾಹನಕ್ಕೆ ದೊರೆಯಬೇಕಾದ ಮಾಹಿತಿಯೂ ನಿಲ್ಲುತ್ತದೆ. ಆಗ ಉಳಿಯುವುದು ಧ್ವನಿ ನಿಸ್ತಂತು ಮಾತ್ರ.

ಗೋಪುರಗಳು ಸ್ಥಗಿತಗೊಳ್ಳಲು ಕಾರಣ

ಭಾರಿ ಮಳೆ ನೇರವಾಗಿ ಮೊಬೈಲ್ ಸಂಕೇತವನ್ನು ಅಳಿಸಿಬಿಡುತ್ತದೆ ಎಂಬ ನಂಬಿಕೆ ಇದೆ. ವಾಸ್ತವವಾಗಿ ಮೊಬೈಲ್ ಆವರ್ತನಗಳಲ್ಲಿ ಮಳೆಹನಿಯಿಂದಾಗುವ ನಷ್ಟ ಅತ್ಯಲ್ಪ. ಗೋಪುರವನ್ನು ನಿಲ್ಲಿಸುವ ಕಾರಣಗಳು ಬೇರೆ. ಗಾಳಿಗೆ ಮರ ಬಿದ್ದು ವಿದ್ಯುತ್ ಮಾರ್ಗ ಕಡಿಯುತ್ತದೆ. ಗೋಪುರದ ಬ್ಯಾಟರಿ ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಆನಂತರ ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ತರುವ ರಸ್ತೆಯ ಮೇಲೆ ಗುಡ್ಡ ಕುಸಿದಿರುತ್ತದೆ. ಗೋಪುರವನ್ನು ಹೊರಜಗತ್ತಿಗೆ ಜೋಡಿಸುವ ಆಪ್ಟಿಕಲ್ ಫೈಬರ್ ಕೇಬಲ್ ಕೂಡ ಸಾಮಾನ್ಯವಾಗಿ ಅದೇ ರಸ್ತೆಯ ಅಂಚಿನಲ್ಲಿಯೇ ಹಾದುಹೋಗಿರುತ್ತದೆ. ಆಗುಂಬೆ, ಹುಲಿಕಲ್, ನಾಗೋಡಿ ಘಾಟಿಗಳಂತಹ ಮಾರ್ಗಗಳಲ್ಲಿ ಒಂದು ಕುಸಿತವು ರಸ್ತೆ, ವಿದ್ಯುತ್ ಮತ್ತು ಕೇಬಲ್ ಮೂರನ್ನೂ ಒಟ್ಟಿಗೆ ಕಡಿಯಬಲ್ಲದು. ಫೋನಿನ ಪರದೆಯ ಮೇಲೆ ಸಂಕೇತದ ಗೆರೆಗಳು ಪೂರ್ಣವಾಗಿದ್ದರೂ ಕರೆ ಹೋಗದಿರುವ ಅನುಭವ ಹಲವರಿಗೆ ಇರಬಹುದು. ಗೋಪುರ ಜೀವಂತವಾಗಿದ್ದು, ಅದರ ಹಿಂದಿನ ಕೇಬಲ್ ಕಡಿದಿರುವುದು ಇದಕ್ಕೆ ಒಂದು ಕಾರಣ.

ಪಶ್ಚಿಮಘಟ್ಟದ ಈಚಿನ ದುರಂತಗಳು ಈ ಸರಪಳಿಯನ್ನು ಸ್ಪಷ್ಟವಾಗಿ ತೋರಿಸಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳ ಸಂದರ್ಭದಲ್ಲಿ ಹಲವೆಡೆ ರಸ್ತೆ, ವಿದ್ಯುತ್, ದೂರವಾಣಿ ಒಟ್ಟಿಗೆ ಕಡಿತಗೊಂಡಿದ್ದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ 30ರಂದು ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆ ಕುಸಿತಗಳು ಸಂಭವಿಸಿದವು. ಚೂರಲ್‌ಮಲೆಯಲ್ಲಿ ಬಿಎಸ್‌ಎನ್‌ಎಲ್ ಗೋಪುರವನ್ನು ಜನರೇಟರಿನಿಂದ ಚಾಲನೆಯಲ್ಲಿರಿಸಿ, ಅದನ್ನು ತುರ್ತಾಗಿ 4ಜಿಗೆ ಮೇಲ್ದರ್ಜೆಗೇರಿಸಿ ರಕ್ಷಣಾ ಕಾರ್ಯಕ್ಕೆ ಒದಗಿಸಲಾಯಿತು. ಒಂದು ಗೋಪುರ, ಒಂದು ಜನರೇಟರ್ ಮತ್ತು ಅದನ್ನು ನೋಡಿಕೊಳ್ಳುವ ಕೆಲವೇ ಸಿಬ್ಬಂದಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತುರ್ತು ಎಂದರೆ ಮಳೆಗಾಲವಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಮಂಗನ ಕಾಯಿಲೆಯು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ತೀವ್ರವಾಗಿ ಕಾಣಿಸಿಕೊಂಡಿತು. ಈ ಕಾಯಿಲೆ ಹೆಚ್ಚಾಗಿ ಬೇಸಿಗೆಯ ತಿಂಗಳುಗಳಲ್ಲಿ, ಕಾಡಂಚಿನ ಮನೆಗಳಲ್ಲಿ ಕಂಡುಬರುತ್ತದೆ. ಅಂತಹ ಮನೆಯಿಂದ ಆಂಬುಲೆನ್ಸಿಗೆ ಕರೆ ಮಾಡಲು ಗುಡ್ಡ ಹತ್ತಬೇಕಾದ ಸ್ಥಿತಿಯಿದ್ದರೆ ಅದೂ ಸಂಪರ್ಕದ ವೈಫಲ್ಯವೇ. ಕೋವಿಡ್ ಕಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಆನ್‌ಲೈನ್ ತರಗತಿಗಾಗಿ ಕೊಡೆ ಹಿಡಿದು ಗುಡ್ಡದ ಮೇಲೆ ಕುಳಿತದ್ದನ್ನು ರಾಜ್ಯವೇ ಕಂಡಿದೆ. ಜ್ವರದಲ್ಲಿರುವ ರೋಗಿಯ ಮನೆಯವರೂ ಅದೇ ಗುಡ್ಡವನ್ನು ಹತ್ತುತ್ತಾರೆ. ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ ಅನುಮೋದನೆ ನೀಡಿದ್ದು ಇಂತಹ ಊರುಗಳನ್ನು ಗಮನದಲ್ಲಿಟ್ಟುಕೊಂಡೇ.

ಮುಂದಿನ ಹಂತ: ಬ್ರಾಡ್‌ಬ್ಯಾಂಡ್ ತುರ್ತು ಜಾಲ

ಧ್ವನಿ ನಿಸ್ತಂತುವಿನ ಮೊದಲ ಬದಲಾವಣೆ ಅನಲಾಗ್‌ನಿಂದ ಡಿಜಿಟಲ್ ಕಡೆಗೆ. ಡಿಎಂಆರ್ ಎಂಬ ಡಿಜಿಟಲ್ ಮಾನಕದಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲಿನಲ್ಲಿ ಎರಡು ಸಂಭಾಷಣೆಗಳು ಏಕಕಾಲಕ್ಕೆ ನಡೆಯುತ್ತವೆ. ಸೆಟ್ಟಿನ ಸ್ಥಾನ ಮತ್ತು ಕಿರುಸಂದೇಶವನ್ನೂ ಕಳುಹಿಸಬಹುದು. ಆದರೆ ಅನಲಾಗ್ ಧ್ವನಿಯು ಅಂಚಿಗೆ ಬಂದಾಗ ಗೊರಗೊರ ಸದ್ದಿನೊಡನೆ ಕ್ಷೀಣಿಸುತ್ತದೆ, ಅನುಭವಿ ನಿರ್ವಾಹಕರು ಆ ಸದ್ದಿನ ನಡುವಿನಿಂದಲೂ ಊರಿನ ಹೆಸರನ್ನು ಹೆಕ್ಕಿಕೊಳ್ಳಬಲ್ಲರು. ಡಿಜಿಟಲ್ ಧ್ವನಿ ಅಂಚಿನವರೆಗೂ ಸ್ವಚ್ಛವಾಗಿದ್ದು, ಅಂಚು ದಾಟಿದೊಡನೆ ಪೂರ್ತಿ ನಿಲ್ಲುತ್ತದೆ. ಕಣಿವೆಗಳಲ್ಲಿ ಅಂಚುಗಳೇ ಹೆಚ್ಚಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯ ಬದಲಾವಣೆ ಹೆಚ್ಚು ದೊಡ್ಡದು. 4ಜಿ ಮತ್ತು 5ಜಿ ತಂತ್ರಜ್ಞಾನದ ಮೇಲೆಯೇ ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ಸಿಬ್ಬಂದಿಗೆ ಆದ್ಯತೆಯ ಸೇವೆ ನೀಡುವ ಜಾಲವನ್ನು ನಿರ್ಮಿಸುವುದು ಇದರ ಉದ್ದೇಶ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಕಟ್ಟಡ ಕುಸಿಯುವ ಮುನ್ಸೂಚನೆ ಪೊಲೀಸರಿಗೆ ದೊರೆತಿದ್ದರೂ, ಬೇರೆ ನಿಸ್ತಂತು ವ್ಯವಸ್ಥೆ ಬಳಸುತ್ತಿದ್ದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಹಲವರಿಗೆ ಅದು ತಲಪಲಿಲ್ಲ. ಈ ಪಾಠದ ಫಲವಾಗಿ ಅಮೆರಿಕದಲ್ಲಿ 2012ರ ಕಾಯಿದೆಯ ಮೂಲಕ ಫಸ್ಟ್‌ನೆಟ್ ಸಂಸ್ಥೆ ರೂಪುಗೊಂಡು, 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪ್ರತ್ಯೇಕ ತರಂಗಾಂತರ ದೊರೆಯಿತು. ದಕ್ಷಿಣ ಕೊರಿಯಾ 2014ರ ಸೆವೋಲ್ ಹಡಗು ದುರಂತದ ನಂತರ ರಾಷ್ಟ್ರವ್ಯಾಪಿ ಜಾಲವನ್ನು ಕೈಗೆತ್ತಿಕೊಂಡು 2021ರಲ್ಲಿ ಪೂರ್ಣಗೊಳಿಸಿತು.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರ ಜೂನ್‌ನಲ್ಲಿ ಸಾರ್ವಜನಿಕ ರಕ್ಷಣೆ ಮತ್ತು ವಿಪತ್ತು ಪರಿಹಾರಕ್ಕಾಗಿ ಇಂತಹ ಬ್ರಾಡ್‌ಬ್ಯಾಂಡ್ ಜಾಲವನ್ನು ಶಿಫಾರಸು ಮಾಡಿ, 800 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪ್ರತ್ಯೇಕ ತರಂಗಾಂತರವನ್ನು ಮೀಸಲಿಡಬೇಕೆಂದು ಹೇಳಿತು. ರೈಲ್ವೆ ಇಲಾಖೆಗೆ ತನ್ನ ಸುರಕ್ಷತಾ ಸಂಪರ್ಕಕ್ಕಾಗಿ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ತರಂಗಾಂತರ ನೀಡಲು 2021ರ ಜೂನ್‌ನಲ್ಲಿ ಅನುಮೋದನೆ ದೊರೆತಿದೆ.

ಈ ಜಾಲದಿಂದ ಆಗುವ ಉಪಯೋಗ ಸ್ಪಷ್ಟ. ಕುಸಿತದ ಸ್ಥಳದ ಚಿತ್ರವನ್ನು ಜಿಲ್ಲಾ ಕೇಂದ್ರದಲ್ಲಿರುವವರು ನೇರವಾಗಿ ನೋಡಬಹುದು. ಆಂಬುಲೆನ್ಸ್‌ನಲ್ಲಿರುವ ರೋಗಿಯ ಹೃದಯದ ಆಲೇಖವನ್ನು ಆಸ್ಪತ್ರೆಗೆ ಮುಂಚಿತವಾಗಿ ಕಳುಹಿಸಬಹುದು. ಮೂರು ಇಲಾಖೆಗಳ ಸಿಬ್ಬಂದಿಯನ್ನು ಒಂದೇ ಗುಂಪಿಗೆ ಸೇರಿಸಬಹುದು. ಗುಂಡಿ ಒತ್ತಿ ಮಾತನಾಡುವ ಸೌಲಭ್ಯವು 4ಜಿಯಲ್ಲಿಯೂ ವಾಕಿಟಾಕಿಯಷ್ಟೇ ಶೀಘ್ರವಾಗಿರಬೇಕೆಂದು ಅಂತರರಾಷ್ಟ್ರೀಯ ಮಾನಕವು ಗುಂಡಿ ಒತ್ತಿದ 300 ಮಿಲಿಸೆಕೆಂಡುಗಳೊಳಗೆ ಮಾತಿಗೆ ಅವಕಾಶ ದೊರೆಯಬೇಕೆಂದು ನಿಗದಿಪಡಿಸಿದೆ. ಎಲ್ಲರೂ ಏಕಕಾಲಕ್ಕೆ ಕರೆ ಮಾಡಿ ಗೋಪುರ ದಟ್ಟಣೆಗೊಂಡಾಗ ಸಾಮಾನ್ಯ ಕರೆಗಳನ್ನು ತಡೆದು ರಕ್ಷಣಾ ಸಿಬ್ಬಂದಿಯ ಕರೆಗೆ ದಾರಿ ಬಿಡುವ ವ್ಯವಸ್ಥೆಯೂ ಇದರಲ್ಲಿದೆ.

ಆದರೆ ಆದ್ಯತೆ ಎಂಬುದು ಚಾಲನೆಯಲ್ಲಿರುವ ಗೋಪುರದಲ್ಲಿ ಮಾತ್ರ ಅರ್ಥಪೂರ್ಣ. ಸ್ಥಗಿತಗೊಂಡ ಗೋಪುರದಲ್ಲಿ ಆದ್ಯತೆಯುಳ್ಳ ಕರೆಯೂ ಇಲ್ಲದ ಕರೆಯೂ ಒಂದೇ. ಹಳೆಯ ನಿಸ್ತಂತು ಸೆಟ್ಟುಗಳಿಗೆ ಇರುವ, ಇನ್ನೂ ಸಮರ್ಥ ಪರ್ಯಾಯ ಕಾಣದ ಒಂದು ಗುಣವೆಂದರೆ ನಡುವೆ ಯಾವ ಗೋಪುರವೂ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವುದು. ಕೈಸೆಟ್ಟು ಸಾಮಾನ್ಯವಾಗಿ 5 ವಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. 4ಜಿ ಫೋನಿನ ಗರಿಷ್ಠ ಪ್ರಸಾರ ಶಕ್ತಿ ಸಾಮಾನ್ಯವಾಗಿ ವಾಟ್‌ನ ಐದನೆಯ ಒಂದು ಭಾಗ. ಫೋನಿನಿಂದ ಫೋನಿಗೆ ನೇರ ಸಂಪರ್ಕದ ಮಾನಕಗಳು ಸಿದ್ಧವಾಗಿದ್ದರೂ, 25 ಪಟ್ಟಿನ ಈ ಅಂತರವನ್ನು ಒದ್ದೆ ಕಾಡಿನಲ್ಲಿ ತುಂಬುವುದು ಸುಲಭವಲ್ಲ. ವಿದ್ಯುತ್ತಿನ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಧ್ವನಿ ರಿಪೀಟರ್ ಸುಮ್ಮನಿರುವಾಗ ಅತ್ಯಲ್ಪ ವಿದ್ಯುತ್ ಬಳಸುವುದರಿಂದ ಒಳ್ಳೆಯ ಬ್ಯಾಟರಿಯ ಮೇಲೆ ದಿನಗಟ್ಟಲೆ ನಡೆಯಬಲ್ಲದು. ಮೊಬೈಲ್ ಗೋಪುರದ ಬಳಕೆ ಕಿಲೋವಾಟ್ ಲೆಕ್ಕದಲ್ಲಿರುತ್ತದೆ. ಸೌರ ಫಲಕ ಪರಿಹಾರವೆನಿಸಬಹುದು, ಆದರೆ ಮಲೆನಾಡಿನಲ್ಲಿ ಜುಲೈ ತಿಂಗಳ ಮೋಡವನ್ನು ಕಂಡವರಿಗೆ ಅದನ್ನೊಂದನ್ನೇ ನೆಚ್ಚುವಂತಿಲ್ಲವೆಂದು ವಿವರಿಸಬೇಕಾಗಿಲ್ಲ.

ಈ ಕಾರಣದಿಂದಲೇ ಬ್ರಿಟನ್ ತನ್ನ ಟೆಟ್ರಾ ಧ್ವನಿ ಜಾಲವನ್ನು ಮುಚ್ಚಿ 4ಜಿಗೆ ಸಾಗಲು 2015ರಲ್ಲಿ ಆರಂಭಿಸಿದ ಯೋಜನೆಯು ವರ್ಷಗಳಿಂದ ಮುಂದೂಡಲ್ಪಡುತ್ತ ಬಂದಿರುವುದು ಗಮನಾರ್ಹ. ಹೊಸ ಜಾಲವು ದೂರದ ಬೆಟ್ಟಗುಡ್ಡಗಳಲ್ಲಿಯೂ ಹಳೆಯದರ ಸಮಕ್ಕೆ ಬರುವವರೆಗೆ ಹಳೆಯದನ್ನು ಮುಚ್ಚುವಂತಿಲ್ಲ ಎಂಬ ಷರತ್ತು ಅಲ್ಲಿಯೂ ಎದುರಾಯಿತು. ಮಲೆನಾಡಿಗೆ ಸೂಕ್ತವಾದುದು ಎರಡನ್ನೂ ಸೇರಿಸಿದ ವ್ಯವಸ್ಥೆ: ಜಾಲವಿರುವಲ್ಲಿ ಬ್ರಾಡ್‌ಬ್ಯಾಂಡ್ ಬಳಸಿ, ಜಾಲ ತಪ್ಪಿದೊಡನೆ ಅದೇ ಸೆಟ್ಟು ಹಳೆಯ ಧ್ವನಿ ಆವರ್ತನಕ್ಕೆ ಮರಳುವಂತಹ ಉಪಕರಣ. ಎರಡೂ ಬಗೆಯ ರೇಡಿಯೋ ಇರುವ ಸೆಟ್ಟುಗಳು ಈಗಾಗಲೇ ತಯಾರಾಗುತ್ತಿವೆ.

ಉಪಗ್ರಹ ಮತ್ತು ಆಕಾಶದ ದಾರಿ

ಗುಡ್ಡಗಳು ಸುತ್ತಲೂ ಅಡ್ಡವಿದ್ದರೂ ಮೇಲೆ ಆಕಾಶ ತೆರೆದಿರುತ್ತದೆ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಉಪಗ್ರಹಗಳು ಯುರೋಪಿನಂತಹ ಉತ್ತರದ ದೇಶಗಳಲ್ಲಿ ದಿಗಂತದ ಹತ್ತಿರ ತಗ್ಗಿನಲ್ಲಿ ಕಾಣುತ್ತವೆ. ತೀರ್ಥಹಳ್ಳಿ ಭಾಗವು ಸಮಭಾಜಕಕ್ಕೆ ಹತ್ತಿರವಿರುವುದರಿಂದ, ಭಾರತದ ರೇಖಾಂಶಗಳ ಮೇಲಿರುವ ಉಪಗ್ರಹಗಳು ಇಲ್ಲಿ 70 ಡಿಗ್ರಿಯಷ್ಟು ಎತ್ತರದಲ್ಲಿರುತ್ತವೆ. ಆದ್ದರಿಂದ ಆಳವಾದ ಕಣಿವೆಯ ತಳದಿಂದಲೂ ಅವುಗಳನ್ನು ತಲಪಬಹುದು. ಮರಗಳ ಮೇಲ್ಛಾವಣಿ ತೆರವಾಗಿರುವ ಗದ್ದೆಯ ಬಯಲೋ ಶಾಲೆಯ ಅಂಗಳವೋ ಇದ್ದರೆ ಸಾಕು. ಒಂದು ಎಚ್ಚರಿಕೆ ಇದೆ. ಡಿಶ್ ಆಂಟೆನಾ ಬಳಸುವ 10 ಗಿಗಾಹರ್ಟ್ಸ್‌ಗಿಂತ ಮೇಲಿನ ಆವರ್ತನಗಳು ಭಾರಿ ಮಳೆಯಲ್ಲಿ ಮಸುಕಾಗುತ್ತವೆ, ಮನೆಯ ಟಿ.ವಿ. ಡಿಶ್ ಜೋರು ಮಳೆಯಲ್ಲಿ ನಿಂತುಹೋಗುವುದು ಇದರಿಂದಲೇ. ಉಪಗ್ರಹ ಫೋನುಗಳು ಬಳಸುವ ಕಡಿಮೆ ಆವರ್ತನಗಳಿಗೆ ಈ ತೊಂದರೆ ಇಲ್ಲ, ಆದರೆ ಅವುಗಳಲ್ಲಿ ಸಾಗುವ ಮಾಹಿತಿಯ ಪ್ರಮಾಣ ಕಡಿಮೆ. ಕೆಳಕಕ್ಷೆಯ ಉಪಗ್ರಹಗಳ ಮೂಲಕ ಸೇವೆ ನೀಡಲು ಸ್ಟಾರ್‌ಲಿಂಕ್ ಸೇರಿದಂತೆ ಕೆಲವು ಸಂಸ್ಥೆಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆ ಪರವಾನಗಿ ನೀಡಿದೆ. ಕೇಬಲ್ ಕಡಿದ ಗೋಪುರಕ್ಕೆ ಬದಲಿ ಕೊಂಡಿಯಾಗಿ ಇಂತಹ ಸೇವೆ ಉಪಯುಕ್ತವಾಗಬಹುದು.

ಆಕಾಶದ ಇನ್ನೊಂದು ದಾರಿ ಬಹಳ ಹಳೆಯದು. 3ರಿಂದ 10 ಮೆಗಾಹರ್ಟ್ಸ್ ನಡುವಿನ ತರಂಗವನ್ನು ಬಹುತೇಕ ನೇರವಾಗಿ ಮೇಲಕ್ಕೆ ಕಳುಹಿಸಿದರೆ, ಅಯಾನುಗೋಳವು ಅದನ್ನು ಪ್ರತಿಫಲಿಸಿ ಸುತ್ತಲಿನ ನೂರಾರು ಕಿಲೋಮೀಟರ್ ವ್ಯಾಪ್ತಿಗೆ ಮಳೆಯಂತೆ ಸುರಿಸುತ್ತದೆ. ಗುಡ್ಡದ ನೆರಳು ಈ ತರಂಗಕ್ಕೆ ಲೆಕ್ಕಕ್ಕಿಲ್ಲ. ಇದಕ್ಕೆ ಬೇಕಾದದ್ದು ಎರಡು ಮರಗಳ ನಡುವೆ ತಗ್ಗಿನಲ್ಲಿ ಕಟ್ಟಿದ ತಂತಿ, ವಾಹನದ ಬ್ಯಾಟರಿ ಮತ್ತು ಹಗಲು-ರಾತ್ರಿಗೆ ಸರಿಹೊಂದುವ ಆವರ್ತನವನ್ನು ಆರಿಸಬಲ್ಲ ನಿರ್ವಾಹಕ. ಈ ಕೌಶಲ ಹೆಚ್ಚಾಗಿ ಉಳಿದಿರುವುದು ಹ್ಯಾಮ್ ಎಂದು ಕರೆಯಲ್ಪಡುವ ಹವ್ಯಾಸಿ ರೇಡಿಯೋ ನಿರ್ವಾಹಕರಲ್ಲಿ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿದಾಗ ಹವ್ಯಾಸಿ ಪ್ರಸಾರಕ್ಕಾಗಿ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನ್ ದ್ವೀಪಗಳಿಂದ ಹೊರಜಗತ್ತಿಗೆ ಸಂದೇಶಗಳನ್ನು ರವಾನಿಸಿದ್ದು ದಾಖಲೆಯಲ್ಲಿದೆ.

ಎಚ್ಚರಿಕೆ ಸಂದೇಶಗಳು

ಮೊಬೈಲ್ ಗೋಪುರದ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೆ, ಸಂಖ್ಯೆಗಳ ಪಟ್ಟಿಯಿಲ್ಲದೆ, ಏಕಕಾಲಕ್ಕೆ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು ದೇಶದಲ್ಲಿ 2023ರಿಂದ ಪರೀಕ್ಷಿಸಲಾಗಿದೆ. ಆ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯದ ಫೋನುಗಳು ವಿಚಿತ್ರ ಸದ್ದಿನೊಡನೆ ಮೊಳಗಿದ್ದು ಈ ಪರೀಕ್ಷೆಯ ಅಂಗವಾಗಿ. ಪ್ರಸಾರ ರೂಪದಲ್ಲಿರುವುದರಿಂದ ಇದು ದಟ್ಟಣೆಗೆ ಸಿಲುಕುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಮೊಬೈಲ್ ಜಾಲದ ಮೂಲಕವೇ ಮಾಹಿತಿ ಕಳುಹಿಸುತ್ತವೆ. ಮಳೆ ಅತಿಯಾದ ರಾತ್ರಿಯಲ್ಲಿ ಗೋಪುರ ಸ್ಥಗಿತಗೊಂಡರೆ ಮಾಪನವೂ ಎಚ್ಚರಿಕೆಯೂ ಒಟ್ಟಿಗೆ ನಿಲ್ಲುವುದರಿಂದ, ಎಚ್ಚರಿಕೆಯನ್ನು ಸಂಜೆಯೊಳಗೇ ನೀಡುವುದು ಮತ್ತು ಅದನ್ನು ನಾಗರಿಕರು ಸಂಜೆಯೊಳಗೇ ಪಾಲಿಸುವುದು ಮಲೆನಾಡಿನಲ್ಲಿ ಹೆಚ್ಚು ಮಹತ್ವದ್ದು.

ನಾಗರಿಕರು ಗಮನಿಸಬೇಕಾದ ಅಂಶಗಳು

ತಮ್ಮ ಕಂಪನಿಯ ಸಂಕೇತ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸತಕ್ಕದ್ದು. ಪರದೆಯ ಮೇಲೆ ತುರ್ತು ಕರೆ ಮಾತ್ರ ಎಂಬ ಸೂಚನೆ ಇದ್ದರೆ ಬೇರೆ ಕಂಪನಿಯ ಗೋಪುರದ ಮೂಲಕ ಕರೆ ಹೋಗುವ ಸಾಧ್ಯತೆ ಇರುತ್ತದೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಕರೆ ಮಾಡಿದವರ ಸ್ಥಳವನ್ನು ಗೋಪುರದ ಆಧಾರದಲ್ಲಿ ಮಾತ್ರ ಗುರುತಿಸಿದಾಗ, ಗೋಪುರಗಳು ವಿರಳವಾಗಿರುವ ಪ್ರದೇಶದಲ್ಲಿ ಹಲವು ಕಿಲೋಮೀಟರುಗಳ ವ್ಯತ್ಯಾಸ ಉಂಟಾಗಬಹುದು. ಒಂದೇ ಹೆಸರಿನ ಊರುಗಳು ಒಂದೇ ತಾಲ್ಲೂಕಿನಲ್ಲಿ ಎರಡು-ಮೂರು ಇರುವುದೂ ಉಂಟು. ಆದ್ದರಿಂದ ಕರೆ ಮಾಡುವವರು ಊರಿನ ಹೆಸರಿನೊಡನೆ ಗ್ರಾಮ ಪಂಚಾಯಿತಿ, ಹತ್ತಿರದ ಶಾಲೆ ಅಥವಾ ಸೇತುವೆ ಹಾಗೂ ಮನೆಗೆ ತಿರುಗುವ ರಸ್ತೆಯನ್ನು ತಿಳಿಸಬೇಕು. ಮನೆಯ ಅಕ್ಷಾಂಶ ಮತ್ತು ರೇಖಾಂಶವನ್ನು ಸಂಕೇತ ದೊರೆಯುವ ದಿನವೇ ಫೋನಿನಲ್ಲಿ ನೋಡಿ, ದಶಮಾಂಶದ ನಂತರ ನಾಲ್ಕು ಅಂಕಿಗಳವರೆಗೆ ಬರೆದು ಗೋಡೆಯ ಮೇಲೆ ಅಂಟಿಸಿಡುವುದು ಸೂಕ್ತ. ಇದು ಸುಮಾರು 11 ಮೀಟರುಗಳಷ್ಟು ನಿಖರವಾಗಿರುತ್ತದೆ. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ಜಾರಿಗೊಳಿಸಿದ ಹತ್ತು ಅಕ್ಷರಗಳ ಡಿಜಿಪಿನ್ ಅನ್ನೂ ಅದರೊಡನೆ ಬರೆದಿಡಬಹುದು. ಇಂತಹ ಕೆಲವೇ ಅಂಕಿಗಳನ್ನು ಅತಿ ದುರ್ಬಲ ಧ್ವನಿ ಸಂಪರ್ಕದಲ್ಲಿಯೂ ಒಬ್ಬರಿಂದ ಒಬ್ಬರಿಗೆ ಓದಿ ಹೇಳಬಹುದು, ಚಿತ್ರವನ್ನು ಹಾಗೆ ದಾಟಿಸಲಾಗದು.

ವಾಕಿಟಾಕಿ ಖರೀದಿಸುವವರು ನಿಯಮಗಳನ್ನು ತಿಳಿದಿರುವುದು ಅಗತ್ಯ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ, ಅರ್ಧ ವಾಟ್ ಮಿತಿಯೊಳಗೆ ಕೆಲಸ ಮಾಡುವ, ಅನುಮೋದಿತ ಸೆಟ್ಟುಗಳಿಗೆ 2018ರ ನಿಯಮಗಳ ಪ್ರಕಾರ ಪರವಾನಗಿ ವಿನಾಯಿತಿ ಇದೆ. ತೋಟದ ಕೆಲಸಕ್ಕೆ ಹಾಗೂ ಅಕ್ಕಪಕ್ಕದ ಮನೆಗಳ ಸಂಪರ್ಕಕ್ಕೆ ಇವು ಸಾಕಾಗಬಹುದು. ಇತರ ಆವರ್ತನಗಳ ಸೆಟ್ಟುಗಳನ್ನು ಪರವಾನಗಿಯಿಲ್ಲದೆ ಬಳಸುವುದು ಅಪರಾಧವಾಗಿದ್ದು, ಅಂತಹ ಸೆಟ್ಟುಗಳು ಪೊಲೀಸ್ ಮತ್ತು ರಕ್ಷಣಾ ಸಂಪರ್ಕಕ್ಕೆ ಅಡಚಣೆ ಉಂಟುಮಾಡುತ್ತವೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಇಂತಹ ಸೆಟ್ಟುಗಳ ಅಕ್ರಮ ಮಾರಾಟವನ್ನು ತಡೆಯಲು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿ ಹೊರಡಿಸಿದೆ. ಉಪಗ್ರಹ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಹೊಂದುವಂತಿಲ್ಲ. ವಿದೇಶದಿಂದ ಬರುವ ಸಂಬಂಧಿಕರಿಗೆ ಹಾಗೂ ಚಾರಣಿಗರಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಒಳ್ಳೆಯದು.

ಹವ್ಯಾಸಿ ರೇಡಿಯೋ ಪರವಾನಗಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯು ಪರೀಕ್ಷೆಯ ಮೂಲಕ ನೀಡುತ್ತದೆ. ರಾಜ್ಯ ಸರ್ಕಾರದ ಅಥವಾ ತಾಲ್ಲೂಕು ಕಚೇರಿಗಳಲ್ಲಿ ಇದಕ್ಕೆ ಅರ್ಜಿ ಸ್ವೀಕರಿಸಲಾಗುವುದಿಲ್ಲ. 12 ವರ್ಷ ತುಂಬಿದ ವಿದ್ಯಾರ್ಥಿಗಳೂ ಪರೀಕ್ಷೆ ತೆಗೆದುಕೊಳ್ಳಬಹುದು. ಅರ್ಜಿ ಸಲ್ಲಿಸುವ ಮುನ್ನ ಸದರಿ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಪ್ರಚಲಿತ ನಿಯಮ ಮತ್ತು ಶುಲ್ಕವನ್ನು ಪರಿಶೀಲಿಸತಕ್ಕದ್ದು. ಬೆಂಗಳೂರಿನಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಸಂಸ್ಥೆಯು ಈ ವಿಷಯದಲ್ಲಿ ತರಬೇತಿ ನೀಡುತ್ತ ಬಂದಿದೆ.